ಪೀನಟ್ ಬಟರ್ ಕಂಡುಹಿಡಿದವರು ಜಾರ್ಜ್ ಕಾರ್ವರ್ ಅವರೇ?

ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂದರೆ ಹಲವರಿಗೆ ತಟ್ಟನೆ ನೆನಪಾಗುವುದು ಪೀನಟ್ ಬಟರ್. ರಸಪ್ರಶ್ನೆಗಳಲ್ಲಿ, ವಾಟ್ಸಾಪ್‌ನಲ್ಲಿ ಸುತ್ತುವ ಸ್ಫೂರ್ತಿಕತೆಗಳಲ್ಲಿ ಅದನ್ನು ಕಂಡುಹಿಡಿದವರು ಇವರೇ ಎಂದಿರುತ್ತದೆ. ಇದು ನಿಜವಲ್ಲ. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಶತಮಾನಗಳ ಹಿಂದೆಯೇ ಕಡಲೆಕಾಯಿ ಬೀಜ ಅರೆದು ತಿನ್ನುತ್ತಿದ್ದರು. ಹುರಿದ ಬೀಜದ ಪೇಸ್ಟಿಗೆ 1884ರಲ್ಲೇ ಕೆನಡಾದ ಮಾರ್ಸೆಲಸ್ ಎಡ್ಸನ್ ಪೇಟೆಂಟ್ ಪಡೆದಿದ್ದರು. ಜಾನ್ ಹಾರ್ವೆ ಕೆಲಾಗ್ ತಮ್ಮ ವಿಧಾನಕ್ಕೆ ಅರ್ಜಿ ಹಾಕಿದ 1895ರಲ್ಲಿ ಕಾರ್ವರ್ ಇನ್ನೂ ಓದುತ್ತಿದ್ದರು.

ಹಾಗಾದರೆ ಅವರು ಮಾಡಿದ್ದೇನು? ಅದಕ್ಕೆ ಉತ್ತರ ಅಲಬಾಮಾದ ಸವೆದುಹೋದ ಹೊಲಗಳಲ್ಲಿದೆ.

ಕಾರ್ವರ್ ಹುಟ್ಟಿದ್ದು ಸುಮಾರು 1864ರಲ್ಲಿ, ಅಮೆರಿಕದ ಮಿಸೌರಿಯಲ್ಲಿ, ಗುಲಾಮ ತಾಯಿಯ ಮಗನಾಗಿ. ಕೂಸಾಗಿದ್ದಾಗಲೇ ದಾಳಿಕೋರರು ತಾಯಿ ಮಗು ಇಬ್ಬರನ್ನೂ ಹೊತ್ತೊಯ್ದರು. ಮಗು ಮಾತ್ರ ಮರಳಿ ಸಿಕ್ಕಿತು. ಸದಾ ಕಾಯಿಲೆ ಬೀಳುತ್ತಿದ್ದ ಹುಡುಗನಿಗೆ ಹೊಲದ ಕಷ್ಟದ ಕೆಲಸ ತಪ್ಪಿತು. ಕಾಡು ಸುತ್ತಲು, ಗಿಡ ನೋಡಿಕೊಳ್ಳಲು ಸಮಯ ಸಿಕ್ಕಿತು. ನೆರೆಯವರು ಬಾಡಿದ ಗಿಡಗಳನ್ನು ಇವನ ಬಳಿಗೆ ತರತೊಡಗಿದರು. ಮುಂದೆ ಕಾನ್ಸಾಸಿನ ಒಂದು ಕಾಲೇಜು ಸೀಟು ಕೊಟ್ಟು, ಕಪ್ಪು ಬಣ್ಣ ಕಂಡೊಡನೆ ಬಾಗಿಲು ಮುಚ್ಚಿತು. ಆಮೇಲೆ ಅದೇ ರಾಜ್ಯದ ಬಯಲಲ್ಲಿ ಸ್ವಲ್ಪ ಜಮೀನು ಹಿಡಿದು, 17 ಎಕರೆಯನ್ನು ಎತ್ತು ಕುದುರೆಗಳಿಲ್ಲದೆ ಕೈಯಾರೆ ಹದಮಾಡಿ, ಜೋಳದ ಜತೆ ಹಣ್ಣಿನ ಮರ, ಕಾಡುಮರಗಳನ್ನೂ ನೆಟ್ಟರು. ದುಡ್ಡಿಲ್ಲದ ರೈತನ ಪಾಡು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ.

1891ರಲ್ಲಿ ಅಯೋವಾದ ಕೃಷಿ ಕಾಲೇಜು ಸೇರಿದರು. ಅಲ್ಲಿಯ ಮೊದಲ ಕಪ್ಪು ವಿದ್ಯಾರ್ಥಿ ಅವರೇ. 1896ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಬೂಕರ್ ಟಿ. ವಾಷಿಂಗ್ಟನ್ ಅವರ ಕರೆಗೆ ಓಗೊಟ್ಟು ಅಲಬಾಮಾದ ಟಸ್ಕೀಗಿಗೆ ಹೋದರು.

ಅಲ್ಲಿ ಕಂಡದ್ದು ಹತ್ತಿ, ಬರೀ ಹತ್ತಿ. ವರ್ಷಗಟ್ಟಲೆ ಒಂದೇ ಬೆಳೆ ತೆಗೆದು ಮಣ್ಣು ಸೋತಿತ್ತು, ಮಳೆನೀರು ಹರಿದು ಹೊಲದ ತುಂಬ ಕೊರಕಲು ಬಿದ್ದಿತ್ತು. ಪ್ರಯೋಗಕ್ಕೆಂದು ಸಿಕ್ಕ ಸುಮಾರು 10 ಎಕರೆಯೂ ಅಂಥದೇ. ಅಂಗಡಿ ಗೊಬ್ಬರ ಕೊಳ್ಳಿ ಎಂದು ಹೇಳಬಹುದಿತ್ತು. ಆದರೆ ಕೇಳಬೇಕಾದ ರೈತ ಮೊದಲೇ ಸಾಲದಲ್ಲಿದ್ದ. ಹಾಗಾಗಿ ಕಾರ್ವರ್ ಹೊಲದ ಅಂಚಿನ ಕಾಡಿನತ್ತ ನೋಡಿದರು.

ಕಾಡಿನಿಂದ ತರಗೆಲೆ, ಜೌಗಿನಿಂದ ಕೆಸರು, ಕೊಟ್ಟಿಗೆಯಿಂದ ಗೊಬ್ಬರ. ಇವನ್ನು ಪದರ ಪದರವಾಗಿ ಒಟ್ಟಿ ಕೊಳೆಸಿ ಹೊಲಕ್ಕೆ ಹಾಕುವುದು. ಕೊರಕಲುಗಳಿಗೆ ಪೈನ್ ಮರದ ತುದಿಕೊಂಬೆ, ತೊಗಟೆ, ಹತ್ತಿಕಡ್ಡಿ ತುಂಬಿ ನೀರಿನ ಓಟ ತಡೆಯುವುದು. ಆಳವಾಗಿ ಉಳುವುದು. ಹತ್ತಿಯ ಮಧ್ಯೆ ಅಲಸಂದೆ, ಗೆಣಸು, ಕಡಲೆಕಾಯಿ ಸರದಿಯಲ್ಲಿ ಹಾಕುವುದು. 1898ರಲ್ಲಿ ಹೊರತಂದ ಅವರ ಮೊದಲ ಕಿರುಹೊತ್ತಿಗೆಯ ವಿಷಯ ಓಕ್ ಮರದ ಕಾಯಿಗಳನ್ನು ದನಕರು, ಹಂದಿಗಳಿಗೆ ಮೇವಾಗಿಸುವುದು. ಉದುರಿ ಹಾಳಾಗುತ್ತಿದ್ದದ್ದು ಪುಕ್ಕಟೆ ಮೇವಾಗಬಹುದಿತ್ತು. ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟ, ಬಯಲುಸೀಮೆಯ ಕೆರೆಗೋಡು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು. ಕಾರ್ವರ್ ಕೂಡ ಹೊಸದನ್ನು ಹೇಳುತ್ತಿದ್ದೇನೆ ಎಂದುಕೊಂಡಿರಲಿಲ್ಲ ಎನಿಸುತ್ತದೆ.

ಇದರ ಹಿಂದಿನ ವಿಜ್ಞಾನ ಸರಳ. ಅಲಸಂದೆ, ಕಡಲೆಕಾಯಿಯಂಥ ಗಿಡಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡ ಬಳಸಬಲ್ಲ ರೂಪಕ್ಕೆ ತರುತ್ತವೆ. ಇಲ್ಲಿ ಇನ್ನೊಂದು ತಪ್ಪುಕಲ್ಪನೆ ಇದೆ: ಕಡಲೆಕಾಯಿ ಬೆಳೆದರೆ ಸಾಕು, ಹೊಲ ತಾನೇ ಫಲವತ್ತಾಗುತ್ತದೆ ಎಂಬುದು. ಗಿಡ ಕಿತ್ತು, ಕಾಯಿ ಮಾರಿ, ಬಳ್ಳಿಯನ್ನೂ ದನಕ್ಕೆ ಹಾಕಿದರೆ ಸಾರಜನಕದ ಬಹುಪಾಲು ಹೊಲ ಬಿಟ್ಟು ಹೋಗುತ್ತದೆ. ಅಲಸಂದೆಯನ್ನು ಹಸಿರಿದ್ದಾಗಲೇ ಉತ್ತು ಮಣ್ಣಿಗೆ ಸೇರಿಸಿದರೆ ಲಾಭ ಹೆಚ್ಚು. ತರಗೆಲೆಯದೂ ಹಾಗೆಯೇ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ನೇರವಾಗಿ ಉತ್ತರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕೆಲಕಾಲ ಹಿಡಿದಿಟ್ಟುಕೊಳ್ಳುತ್ತವೆ. ಗೊಬ್ಬರದೊಂದಿಗೆ ಮೊದಲೇ ಕೊಳೆಸಿದರೆ ಈ ತೊಂದರೆ ತಗ್ಗುತ್ತದೆ. ಹೀಗೆ ಸೇರಿದ ಸಾವಯವ ಅಂಶ ಮಳೆನೀರನ್ನೂ ಹಿಡಿದಿಡುತ್ತದೆ.

1906ರಲ್ಲಿ ನ್ಯೂಯಾರ್ಕಿನ ಬ್ಯಾಂಕರ್ ಮಾರಿಸ್ ಜೆಸಪ್ ಕೊಟ್ಟ ನೆರವಿನಿಂದ ಒಂದು ಕುದುರೆಗಾಡಿ ಸಿದ್ಧವಾಯಿತು. ಅದರಲ್ಲಿ ನೇಗಿಲು, ಬೀಜ, ಉಪಕರಣ ಹೇರಿಕೊಂಡು ಹಳ್ಳಿಗೇ ಹೋಗಿ ಮಾಡಿ ತೋರಿಸುವ ಏರ್ಪಾಡು. ಓದು ಬಾರದ ರೈತನಿಗೆ ಕಿರುಹೊತ್ತಿಗೆಗಿಂತ ಇದು ಹೆಚ್ಚು ಉಪಯೋಗವಾಯಿತು ಎಂದೇ ನಮ್ಮ ಭಾವನೆ.

ಇಷ್ಟಾದರೂ ಎಲ್ಲರ ಹೊಲ ಏಕೆ ಬದಲಾಗಲಿಲ್ಲ? ಸ್ಫೂರ್ತಿಕತೆಗಳು ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಅಲ್ಲಿಯ ಕಪ್ಪು ರೈತರಲ್ಲಿ ಹೆಚ್ಚಿನವರು ಇನ್ನೊಬ್ಬರ ಜಮೀನನ್ನು ಬೆಳೆಯ ಪಾಲಿಗೆ ಮಾಡುತ್ತಿದ್ದರು, ನಮ್ಮಲ್ಲಿ ಕೋರು ಎನ್ನುತ್ತಾರಲ್ಲ, ಹಾಗೆ. ಒಡೆಯನಿಗೆ, ಸಾಲ ಕೊಟ್ಟ ಅಂಗಡಿಯವನಿಗೆ ಬೇಕಾದದ್ದು ಹತ್ತಿ. ಅಲಸಂದೆಯ ಮೇಲೆ ಸಾಲ ಹುಟ್ಟುತ್ತಿರಲಿಲ್ಲ. ಚಳಿಗಾಲವೆಲ್ಲ ತರಗೆಲೆ ಹೊತ್ತು ಮಣ್ಣು ಕಟ್ಟಿದರೂ ಮುಂದಿನ ವರ್ಷ ಆ ಹೊಲ ತನ್ನ ಕೈಯಲ್ಲಿರುತ್ತದೆ ಎಂಬ ಖಾತ್ರಿಯಿಲ್ಲ. ಗೊಬ್ಬರ ಪುಕ್ಕಟೆ ಇರಬಹುದು, ಬೆವರು ಪುಕ್ಕಟೆಯಲ್ಲ. ತುಂಡು ಭೂಮಿಯಾದರೂ ಸ್ವಂತಕ್ಕಿದ್ದವರಿಗೆ ಕಾರ್ವರ್ ಮಾತು ಹೆಚ್ಚು ದಕ್ಕಿತು.

ಆಮೇಲೆ ಹತ್ತಿಕಾಯಿ ತಿನ್ನುವ ಮೂತಿಹುಳು ಬಂತು. 1910ರ ಹೊತ್ತಿಗೆ ಅಲಬಾಮಾ ತಲುಪಿತು. ಹತ್ತಿ ಬಿಟ್ಟವರು ಕಡಲೆಕಾಯಿಗೆ ತಿರುಗಿದರು. ಈ ಬದಲಾವಣೆಗೆ ಕಾರ್ವರ್ ಒಬ್ಬರೇ ಕಾರಣ ಎನ್ನುವುದು ಅತಿಯಾದೀತು, ಹುಳುವಿನ ಪಾಲು ದೊಡ್ಡದು. 1916ರಲ್ಲಿ ಅವರು ಕಡಲೆಕಾಯಿ ಬೆಳೆಯುವ ಕ್ರಮ ಮತ್ತು 105 ಅಡುಗೆ ಬಗೆಗಳ ಕಿರುಹೊತ್ತಿಗೆ ತಂದರು. 1921ರಲ್ಲಿ ಆಮದು ಸುಂಕದ ವಿಚಾರಣೆಗೆ ಅಮೆರಿಕದ ಸಂಸತ್ ಸಮಿತಿಯ ಮುಂದೆ ನಿಂತು ಕಡಲೆಕಾಯಿಯ ನಾನಾ ಉತ್ಪನ್ನಗಳನ್ನು ತೋರಿಸಿದರು. ಪತ್ರಿಕೆಗಳು ಆ ಕ್ಷಣವನ್ನು ಹಿಡಿದವು. ತರಗೆಲೆ, ಕೆಸರು ಹಿಂದೆ ಸರಿದವು. ಅವರ ಹೆಸರಿಗೆ ಕೊನೆಗೂ ದಕ್ಕಿದ್ದು ಮೂರೇ ಪೇಟೆಂಟ್: ಒಂದು ಸೌಂದರ್ಯವರ್ಧಕಕ್ಕೆ, ಎರಡು ಬಣ್ಣಗಳಿಗೆ.

47 ವರ್ಷ ಅವರು ಟಸ್ಕೀಗಿ ಬಿಡಲಿಲ್ಲ, ಮದುವೆಯಾಗಲಿಲ್ಲ. ಉಳಿತಾಯವನ್ನೆಲ್ಲ ಸಂಶೋಧನೆಗೆಂದು ತಮ್ಮ ಹೆಸರಿನ ಪ್ರತಿಷ್ಠಾನಕ್ಕೆ ಬಿಟ್ಟು, 1943ರ ಜನವರಿ 5ರಂದು ತೀರಿಕೊಂಡರು.