ಒಣಗಿದ ಜೀವ ಮತ್ತು ಒಬ್ಬ ಗುರು

ಮನೆಯಲ್ಲಿ ಬ್ರೆಡ್ ಮಾಡುವಾಗ ನೀವು ಒಂದು ಚಮಚ ಒಣ ಯೀಸ್ಟನ್ನು ಬೆಚ್ಚಗಿನ ನೀರಿಗೆ ಹಾಕುತ್ತೀರಿ. ಮರಳಿನಂತಿದ್ದ ಪುಡಿ ಹತ್ತು ನಿಮಿಷದಲ್ಲಿ ನೊರೆಯೇಳುತ್ತದೆ. ತಿಂಗಳುಗಟ್ಟಲೆ ಡಬ್ಬಿಯಲ್ಲಿದ್ದ ಅದು ಸತ್ತಿತ್ತೇ, ಬದುಕಿತ್ತೇ? ಹೀಗೆಯೇ ಒಣಗಿ ಎಚ್ಚೆತ್ತುಕೊಳ್ಳುವ ಕೆಲವು ಸೂಕ್ಷ್ಮ ಪ್ರಾಣಿಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಬೆನ್ನಟ್ಟಿದವರು ಒಬ್ಬ ಕಥೋಲಿಕ ಗುರು, ಇಟಲಿಯ ಲಾಝರೊ ಸ್ಪಲ್ಲಾಂಜಾನಿ. ಲಾಝರೊ ಎಂದರೆ ನಮ್ಮ ಲಾಜರನ ಹೆಸರೇ!

ಅವರು ಹುಟ್ಟಿದ್ದು 1729ರಲ್ಲಿ, ಸ್ಕಾಂಡಿಯಾನೊ ಎಂಬ ಊರಿನಲ್ಲಿ. ತಂದೆ ವಕೀಲರು. ಮಗನೂ ಕಾನೂನು ಓದಲೆಂದು ಬೊಲೋನ್ಯಾ ನಗರಕ್ಕೆ ಹೋದರು. ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬಂಧು ಲೌರಾ ಬಾಸ್ಸಿಯವರ ಪ್ರೇರಣೆಯಿಂದ ವಿಜ್ಞಾನದತ್ತ ತಿರುಗಿದರು, ಗುರುದೀಕ್ಷೆಯನ್ನೂ ಪಡೆದರು. ಚೆನ್ನಾಗಿ ಕುದಿಸಿ ಮುಚ್ಚಿಟ್ಟ ಸಾರಿನಲ್ಲಿ ಸೂಕ್ಷ್ಮಜೀವಿಗಳು ತಾವಾಗಿಯೇ ಹುಟ್ಟುವುದಿಲ್ಲವೆಂದು 1765ರಲ್ಲಿ ತೋರಿಸಿದರು. 1769ರಿಂದ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಚಾವಣಿಯ ನೀರುದೋಣಿಯಲ್ಲಿ ಸಿಗುವ ಧೂಳಿನಲ್ಲಿ ರೋಟಿಫರ್ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಾಣಿಗಳಿರುತ್ತವೆ. ಸ್ಪಲ್ಲಾಂಜಾನಿ ಅವುಗಳನ್ನು ಒಣಗಿಸಿದರು, ಮತ್ತೆ ನೀರು ಹಾಕಿದರು. ಅವು ಮೈಮುರಿದೆದ್ದು ಈಜತೊಡಗಿದವು! ಇನ್ನೂ ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಬರಿಯ ಗಾಜಿನ ಮೇಲೆ ಒಣಗಿದವು ಏಳುತ್ತಿರಲಿಲ್ಲ. ಮರಳಿನ ನಡುವೆ ಒಣಗಿದವು ಏಳುತ್ತಿದ್ದವು. ಇದನ್ನೆಲ್ಲ 1776ರ ತಮ್ಮ ಗ್ರಂಥದಲ್ಲಿ ಪ್ರಕಟಿಸಿದರು. ಅವು ನಿಜವಾಗಿಯೂ ಸತ್ತು ಬದುಕುತ್ತವೆ ಎಂದೇ ಅವರು ನಂಬಿದ್ದರು. 1799ರಲ್ಲಿ ಪಾವಿಯಾದಲ್ಲಿ ತೀರಿಕೊಂಡರು.

ಅವರ ಪ್ರಯೋಗ ಸರಿ, ತೀರ್ಮಾನ ಮಾತ್ರ ತಪ್ಪು. ಒಣಗಿದ ಜೀವ ಸತ್ತಿರುವುದಿಲ್ಲ, ತಡೆದು ನಿಂತಿರುತ್ತದೆ ಎಂಬುದು ಇಂದಿನ ತಿಳುವಳಿಕೆ. ಯೀಸ್ಟಿನ ಕಣ ಒಣಗುವ ಮುನ್ನ ತನ್ನೊಳಗೆ ಟ್ರೆಹಲೋಸ್ ಎಂಬ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ. ನೀರು ಹೋದ ಜಾಗದಲ್ಲಿ ಈ ಸಕ್ಕರೆ ನಿಂತು, ಕಣದ ತೆಳುಪೊರೆ ಕುಸಿಯದಂತೆ ಕಾಯುತ್ತದೆ. ನಿಜವಾದ ಅಪಾಯವಿರುವುದು ಮತ್ತೆ ನೆನೆಯುವಾಗ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರಾದರೆ ಪೊರೆ ಸರಿಯಾಗಿ ಕೂಡಿಕೊಳ್ಳುತ್ತದೆ. ತಣ್ಣೀರಾದರೆ ಪೊರೆ ಸೋರಿ, ಒಳಗಿನ ಸತ್ವ ಹರಿದುಹೋಗಿ, ಅನೇಕ ಕಣಗಳು ಆಗಲೇ ಸಾಯುತ್ತವೆ. ಬರಗಾಲವನ್ನು ಗೆದ್ದ ಜೀವ, ನೀರು ಸಿಕ್ಕ ಗಳಿಗೆಯಲ್ಲಿ ಸಾಯುತ್ತದೆ!

ಇದು ಪುನರುತ್ಥಾನವಲ್ಲ, ನಿಜ. ಆದರೂ ಇದರಲ್ಲಿ ನಮಗೊಂದು ಪಾಠವಿದೆ. ಹತ್ತಾರು ವರ್ಷ ದೇವಾಲಯದ ಮೆಟ್ಟಿಲು ಹತ್ತದವರು ಒಂದು ಭಾನುವಾರ ಕೊನೆಯ ಬೆಂಚಿನಲ್ಲಿ ಬಂದು ಕೂರುತ್ತಾರೆ. ಮುನಿಸಿಕೊಂಡು ಮನೆ ಬಿಟ್ಟ ಮಗ ಸಂಜೆ ಬಾಗಿಲು ತಟ್ಟುತ್ತಾನೆ. ಅವರ ವಿಶ್ವಾಸ, ಅವನ ಪ್ರೀತಿ ಸತ್ತೇಹೋಗಿತ್ತೆಂದು ನಾವು ತೀರ್ಪು ಕೊಟ್ಟಿರುತ್ತೇವೆ. ಅದು ಒಣಗಿತ್ತು, ಅಷ್ಟೆ. ಇಷ್ಟು ದಿನ ಎಲ್ಲಿದ್ದೆ ಎಂಬ ಕೊಂಕುಮಾತು ಆಗ ನಿಮ್ಮ ನಾಲಿಗೆಯ ತುದಿಗೆ ಬಂದೀತು. ದಯವಿಟ್ಟು ತಣ್ಣೀರೆರಚಬೇಡಿ. ಮೊದಲು ಬೆಚ್ಚಗೆ ಬರಮಾಡಿಕೊಳ್ಳಿ.