ಮರಿಯಾ ಮಾಂಟೆಸೊರಿ

1870ರಲ್ಲಿ ಇಟಲಿಯಲ್ಲಿ ಜನಿಸಿದ ಮರಿಯಾ ಮಾಂಟೆಸೊರಿ ವೃತ್ತಿಯಿಂದ ವೈದ್ಯೆ. 1907ರಲ್ಲಿ ರೋಮಿನ ಸ್ಯಾನ್ ಲೊರೆಂಜೊ ಬಡಕೇರಿಯ ಎಳೆಯರು ಇವರ ವಶಕ್ಕೆ ಬಂದರು. ತಂದೆತಾಯಿಗಳು ದುಡಿಮೆಗೆ ಹೋದಾಗ ಆ ಮಕ್ಕಳು ಗೋಡೆಗಳನ್ನು ಕೆಡಿಸದಿದ್ದರೆ ಸಾಕೆಂಬುದು ಕಟ್ಟಡದ ಒಡೆಯರ ಅಪೇಕ್ಷೆಯಾಗಿತ್ತು. ಮಾಂಟೆಸೊರಿಯವರಾದರೋ ಅವರ ಕೈಗೆ ಹತ್ತು ಮರದ ಕೋಲುಗಳನ್ನಿತ್ತರು. ಚಿಕ್ಕದು 10 ಸೆಂಟಿಮೀಟರು, ದೊಡ್ಡದು 1 ಮೀಟರು. 10 ಸೆಂಟಿಮೀಟರಿಗೊಂದರಂತೆ ಕೆಂಪು, ನೀಲಿ ಪಟ್ಟೆಗಳು. ಮಗು ತೋಳು ಚಾಚಿ ಅವನ್ನು ಹೊತ್ತು ತಂದು ಮೆಟ್ಟಿಲಿನಂತೆ ಜೋಡಿಸುವುದು. ಒಂದು ಕೋಲು ಸ್ಥಾನ ತಪ್ಪಿದರೂ ಮೆಟ್ಟಿಲು ಕೆಟ್ಟು, ತಪ್ಪು ಮಗುವಿಗೇ ಕಾಣುವುದು. ಅಲ್ಲಿಯವರೆಗೆ ಶಿಕ್ಷಕಿ ಮೌನವಾಗಿರಬೇಕು. ಅದು ಸುಲಭವಲ್ಲವೆಂಬುದು ಬೇರೆ ಮಾತು. ಒಂಬತ್ತು ಪಟ್ಟೆಗಳ ಕೋಲಿನ ತುದಿಗೆ ಚಿಕ್ಕ ಕೋಲನ್ನಿಟ್ಟರೆ ಮೀಟರು ತುಂಬುವುದೆಂಬುದನ್ನು ಮಕ್ಕಳು ಮುಟ್ಟಿಯೇ ತಿಳಿದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾಂಟೆಸೊರಿಯವರು ಯುದ್ಧಕಾಲವನ್ನು ಭಾರತದಲ್ಲಿಯೇ ಕಳೆದು, ಇಲ್ಲಿಯ ಶಿಕ್ಷಕರಿಗೆ ತರಬೇತಿಯಿತ್ತರು. 1952ರಲ್ಲಿ ಹಾಲೆಂಡಿನಲ್ಲಿ ನಿಧನರಾದರು.