ರಂಗದಿಂದ ವಾಡೆಗೆ: ಸವಾಯಿ ಗಂಧರ್ವರ ಬದುಕು ಮತ್ತು ಗುರುತನ

ಧಾರವಾಡ ಸೀಮೆಯ ಹಿಂದುಸ್ತಾನಿ ಸಂಗೀತ ಪರಂಪರೆಯನ್ನು ಕುರಿತ ಬರಹಗಳಲ್ಲಿ ಸವಾಯಿ ಗಂಧರ್ವರ (1886–1952) ಹೆಸರು ತಪ್ಪದೆ ಬರುತ್ತದೆ. ಆದರೆ ಅದು ಬರುವುದು ಬಹುಪಾಲು ಶಿಷ್ಯರ ಹೆಸರಿನ ಬೆನ್ನಿಗೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಇವರೆಲ್ಲರ ಗುರು ಎಂಬಲ್ಲಿಗೆ ಅವರ ಪರಿಚಯ ಮುಗಿದುಹೋಗುತ್ತದೆ. ಎರಡು ದಶಕಗಳಿಗೂ ಮೀರಿ ಅವರು ವೃತ್ತಿರಂಗಭೂಮಿಯ ನಟರಾಗಿ, ಅದರಲ್ಲೂ ಸ್ತ್ರೀಪಾತ್ರಧಾರಿಯಾಗಿ ಬದುಕಿದ್ದರೆಂಬುದು ಒಂದು ಆಕಸ್ಮಿಕ ಅಡ್ಡದಾರಿಯಂತೆ ಉಲ್ಲೇಖಗೊಳ್ಳುತ್ತದೆ. ಈ ಕ್ರಮವನ್ನು ಮರುಪರಿಶೀಲಿಸುವ ಅಗತ್ಯವಿದೆ. ನಟನ ಬದುಕನ್ನು ಬದಿಗಿಟ್ಟು ಗುರುವಿನ ಬದುಕನ್ನು ಮಾತ್ರ ಎತ್ತಿಕೊಂಡರೆ, ಆ ಗುರು ಕಲಿಸಿದ ಗಾಯನದ ಸ್ವರೂಪವೇ ಪೂರ್ಣವಾಗಿ ತಿಳಿಯಲಾರದು.

ರಾಮಚಂದ್ರ ಗಣೇಶ ಸೌಂಶಿ ಎಂಬುದು ಅವರ ಮೊದಲಿನ ಹೆಸರು. ಊರಿನಿಂದಾಗಿ ಕುಂದಗೋಳಕರ ಎಂದೂ, ಸಲುಗೆಯಲ್ಲಿ ರಾಮಭಾವು ಎಂದೂ ಕರೆಸಿಕೊಂಡರು. ಅವರು ಜನಿಸಿದ್ದು 1886ರ ಜನವರಿ 19ರಂದು. ಹತ್ತಿ ಮತ್ತು ಮೆಣಸಿನಕಾಯಿ ಬೆಳೆಯುವ ಕರಿಮಣ್ಣಿನ ಈ ಪ್ರದೇಶ ಹುಬ್ಬಳ್ಳಿಗೆ ಸುಮಾರು 20 ಕಿ.ಮೀ. ದೂರದಲ್ಲಿದ್ದರೂ ಆಗ ಬ್ರಿಟಿಷರ ನೇರ ಆಳ್ವಿಕೆಗೆ ಒಳಪಟ್ಟಿರಲಿಲ್ಲ. ಸುತ್ತಲೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ನಡುವೆ ಜಮಖಂಡಿಯ ಪಟವರ್ಧನ ಸಂಸ್ಥಾನಕ್ಕೆ ಸೇರಿದ ಕುಂದಗೋಳ. 1948ರಲ್ಲಿ ಸಂಸ್ಥಾನ ವಿಲೀನವಾಗುವವರೆಗೂ ಈ ವ್ಯವಸ್ಥೆ ಮುಂದುವರಿಯಿತು. ಜನರ ಮಾತು ಕನ್ನಡ, ದರಬಾರಿನ ಭಾಷೆ ಮರಾಠಿ. ತಂದೆ ಗಣೇಶರು ಊರಿನ ನಾಡಿಗೇರ ಮನೆತನದಲ್ಲಿ ಕಾರಕೂನರಾಗಿದ್ದರು. ನಾಡಿಗೇರರ ವಾಡೆಯು ಸಂಗೀತಗಾರರಿಗೆ ಆಶ್ರಯ ನೀಡುತ್ತಿದ್ದ ಮನೆ. ಮೈಸೂರು ದರಬಾರಿಗೂ ಪುಣೆ-ಮಿರಜಗಳಿಗೂ ನಡುವೆ ಓಡಾಡುತ್ತಿದ್ದ ಉತ್ತರಾದಿ ಗಾಯಕರಿಗೆ ಹುಬ್ಬಳ್ಳಿ-ಧಾರವಾಡಗಳು ಸಹಜವಾದ ತಂಗುದಾಣಗಳಾಗಿದ್ದವು. ಧಾರವಾಡ ಸೀಮೆ ಹಿಂದುಸ್ತಾನಿ ಸಂಗೀತದ ಬೀಡಾದುದಕ್ಕೆ ಇಲ್ಲಿನ ನೀರು-ಗಾಳಿಯ ಗುಣವನ್ನು ಕಾರಣವಾಗಿ ಹೇಳುವ ರೂಢಿಯಿದೆ. ರೈಲು ದಾರಿ ಮತ್ತು ವಾಡೆಗಳ ಪಾತ್ರ ಅದಕ್ಕಿಂತ ಹೆಚ್ಚಿನದೆನ್ನಬೇಕು.

ಹುಬ್ಬಳ್ಳಿಯ ಶಾಲೆಗೆ ಕಳಿಸಿದ್ದರೂ ಹುಡುಗನಿಗೆ ಓದು ಹತ್ತಲಿಲ್ಲ. ಆರಂಭದ ಸಂಗೀತ ಪಾಠ ಬಲವಂತರಾವ ಕೊಲ್ಹಟಕರರಲ್ಲಿ ನಡೆಯಿತು. 1898ರಲ್ಲಿ ಅವರು ತೀರಿಕೊಂಡಾಗ ಕಲಿಕೆ ಅರ್ಧಕ್ಕೇ ನಿಂತಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು (1872–1937) ಈ ಭಾಗಕ್ಕೆ ಬರುತ್ತಿದ್ದ ದಿನಗಳವು. ಅವರ ಗಾಯನಕ್ಕೆ ಮಾರುಹೋದ ಹುಡುಗನನ್ನು ಖಾನರು ಶಿಷ್ಯನನ್ನಾಗಿ ಸ್ವೀಕರಿಸಿದರು. ಎಂಟು ವರ್ಷ ತಮ್ಮ ಬಳಿಯೇ ಇದ್ದು ಕಲಿಯಬೇಕೆಂಬುದು ಅವರು ವಿಧಿಸಿದ ಷರತ್ತು. ಗುರುವಿನ ಕಂಠ ತೆಳುವಾದದ್ದು, ಎಳೆಯೆಳೆಯಾಗಿ ಸುರಿಯುವಂಥದು. ಶಿಷ್ಯನ ಕಂಠ ಅಂಥದಲ್ಲ. ಹರೆಯದಲ್ಲಿ ಒಡೆದ ಮೇಲೆ ಅದು ಮತ್ತಷ್ಟು ಬಿರುಸಾಯಿತು. ಹಾಡಲು ಕುಳಿತಾಗ ಸ್ವರ ಹದಕ್ಕೆ ಬರಲು ಅವರು ಬಹಳ ಹೊತ್ತು ಹೆಣಗಬೇಕಾಗುತ್ತಿತ್ತು. ಒಮ್ಮೆ ಬಂದಮೇಲೆ ಕೇಳುವವರು ಎದ್ದುಹೋಗುತ್ತಿರಲಿಲ್ಲವೆಂಬ ಮಾತು ಅವರ ಬೈಠಕ್ಕುಗಳ ಕುರಿತು ಬಳಕೆಯಲ್ಲಿದೆ. ದೈವದತ್ತವಾದ ಕಂಠವಿಲ್ಲದ ಗಾಯಕನು ಸ್ವರಸಾಧನೆಯ ಪ್ರತಿಯೊಂದು ಹೆಜ್ಜೆಯನ್ನೂ ತಿಳಿದೇ ಇಡಬೇಕಾಗುತ್ತದೆ. ಮುಂದೆ ಅವರು ಗುರುವಾಗಿ ಯಶಸ್ವಿಯಾದುದಕ್ಕೆ ಈ ಕೊರತೆಯೇ ಒಂದು ಮುಖ್ಯ ಕಾರಣವೆಂದು ಭಾವಿಸಲು ಅವಕಾಶವಿದೆ.

ಗುರುಕುಲವಾಸದ ಬಳಿಕ ಅವರು ನಾಟಕ ಕಂಪನಿಯನ್ನು ಸೇರಿದರು. ಖಾನರಿಗೆ ಇದು ಸಮ್ಮತವಿರಲಿಲ್ಲ. ರಂಗಗೀತೆಯ ಅವಸರ, ಪ್ರೇಕ್ಷಕರ ಚಪ್ಪಾಳೆ, ರಾತ್ರಿಯಿಡೀ ನಿದ್ದೆಗೆಡುವ ದಿನಚರಿ ಇವೆಲ್ಲ ಖಯಾಲ್ ಗಾಯನದ ಸಮಾಧಾನಕ್ಕೆ ವಿರುದ್ಧವಾದವು ಎಂಬುದು ಅಂದಿನ ಉಸ್ತಾದರ ಸಾಮಾನ್ಯ ನಿಲುವು. ಆದರೆ ಕಾರಕೂನನ ಮಗನಿಗೆ ನಿಶ್ಚಿತ ಸಂಬಳ ಕೊಡಬಲ್ಲ ಸಂಸ್ಥೆ ಆಗ ನಾಟಕ ಕಂಪನಿಯೊಂದೇ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಆ ಕಂಪನಿ ಮರಾಠಿ ಕಂಪನಿಯೇ ಏಕಾಗಿತ್ತೆಂಬುದಕ್ಕೂ ಒಂದು ಹಿನ್ನೆಲೆಯಿದೆ. ಮರಾಠಿ ಸಂಗೀತ ನಾಟಕದ ಜನಕರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರ ಶಾಕುಂತಲ, 1882ರ ಸೌಭದ್ರ ನಾಟಕಗಳು ಉತ್ತರ ಕರ್ನಾಟಕದ ಪೇಟೆಗಳಲ್ಲಿ ಮನೆಮಾತಾದವು. ಮರಾಠಿ ನಾಟಕಗಳ ಪ್ರಭಾವಕ್ಕೆ ಪ್ರತಿಯಾಗಿ ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿ ಕನ್ನಡ ವೃತ್ತಿರಂಗಭೂಮಿಗೆ ನಾಂದಿ ಹಾಡಿದ್ದು ಕನ್ನಡ ಸಾಹಿತ್ಯ ಚರಿತ್ರೆಯ ಓದುಗರಿಗೆ ತಿಳಿದ ಸಂಗತಿ. ಆದರೂ 20ನೆಯ ಶತಮಾನದ ಮೊದಲ ದಶಕದಲ್ಲಿ ಶಾಸ್ತ್ರೀಯ ಗಾಯಕನೊಬ್ಬ ನಟನಾಗಿ ನೆಲೆಯೂರಲು ಬೇಕಾದ ವಿಸ್ತಾರವಾದ ಮಾರುಕಟ್ಟೆ ಇದ್ದದ್ದು ಮರಾಠಿ ಸಂಗೀತ ರಂಗಭೂಮಿಗೆ. ಅದು ಹುಬ್ಬಳ್ಳಿಯಿಂದ ವಿದರ್ಭದವರೆಗೂ ಹರಡಿತ್ತು.

ನಾಟ್ಯಕಲಾ ಪ್ರವರ್ತಕ ಸಂಗೀತ ಮಂಡಳಿಯ ಮೂಲಕ ರಾಮಭಾವು ಪ್ರಸಿದ್ಧಿಗೆ ಬಂದರು. ಸೌಭದ್ರದ ಸುಭದ್ರೆ ಅವರಿಗೆ ಹೆಚ್ಚಿನ ಕೀರ್ತಿ ತಂದ ಪಾತ್ರ. ಅಮರಾವತಿಯಲ್ಲಿ ಈ ನಾಟಕ ನೋಡಿದ ಅಲ್ಲಿನ ರಾಷ್ಟ್ರೀಯ ನಾಯಕ ದಾದಾಸಾಹೇಬ ಖಾಪರ್ಡೆಯವರು ಅವರಿಗೆ ಸವಾಯಿ ಗಂಧರ್ವ ಎಂಬ ಬಿರುದನ್ನಿತ್ತರು. ಸವಾಯಿ ಎಂದರೆ ಒಂದೂಕಾಲು, ಅಂದರೆ ಮೂಲಕ್ಕಿಂತ ಕಾಲುಪಾಲು ಹೆಚ್ಚು. ಜಯಪುರದ ಅರಸರ ಹೆಸರಿನ ಹಿಂದೆಯೂ ಇದೇ ಪದವಿದೆ. ಬಿರುದಿನ ಹಿಂದಿರುವ ಮೂಲಮಾನ ನಾರಾಯಣ ಶ್ರೀಪಾದ ರಾಜಹಂಸ, ಅಂದರೆ ಬಾಲಗಂಧರ್ವರು (1888–1967). ಇದು ಗೌರವವೂ ಹೌದು, ಹೊರೆಯೂ ಹೌದು. ಮುಖಲಾವಣ್ಯ, ಲಾಲಿತ್ಯ, ವೇಷಭೂಷಣಗಳಲ್ಲಿ ಬಾಲಗಂಧರ್ವರನ್ನು ಮೀರುವುದು ಯಾರಿಗೂ ಸಾಧ್ಯವಿರಲಿಲ್ಲ. ಸವಾಯಿ ಗಂಧರ್ವರ ಕಾಲುಪಾಲಿನ ಹೆಚ್ಚಳವಿದ್ದುದು ರಾಗದ ಬೆಳವಣಿಗೆಯಲ್ಲಿ. ನಾಟ್ಯಗೀತೆಯ ಪಲ್ಲವಿಯನ್ನು ಹಿಡಿದು ಅದನ್ನು ಖಯಾಲಿನ ದಾರಿಯಲ್ಲಿ ನಡೆಸುವ ಶಕ್ತಿ ಅವರಿಗಿತ್ತು.

ಇಲ್ಲಿ ಒಂದು ಅಂಶವನ್ನು ಒತ್ತಿಹೇಳಬೇಕು. ಧ್ವನಿವರ್ಧಕವಿಲ್ಲದ ಕಾಲದ ನಾಟಕಗೃಹದಲ್ಲಿ ಕೊನೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಪದ ಮತ್ತು ಸ್ವರ ಎರಡೂ ಮುಟ್ಟಬೇಕಾಗಿತ್ತು. ಆ ಸ್ವರ ಸುಭದ್ರೆಯ ದುಗುಡವನ್ನೋ ಸಿಟ್ಟನ್ನೋ ಹೊತ್ತಿರಬೇಕಾಗಿತ್ತು. ಅಬ್ದುಲ್ ಕರೀಂ ಖಾನರ ಅಂತರ್ಮುಖಿ ಆಲಾಪ ಹೀಗೆ ಬಹಿರ್ಮುಖವಾಗುವ ಒತ್ತಡಕ್ಕೆ ಸಿಲುಕಿತು. ಗುರುವಿನ ನಿಧಾನಗತಿಯನ್ನು ಬಿಡದೆ, ಅದಕ್ಕೆ ರಂಗದ ನಾದಪ್ರಸಾರವನ್ನು ಕೂಡಿಸಿದ ಗಾಯನವನ್ನು ಸವಾಯಿ ಗಂಧರ್ವರು ರೂಪಿಸಿಕೊಂಡರು. ಗಂಗೂಬಾಯಿಯವರ ಗಂಭೀರ ನಾದದಲ್ಲಿ, ಭೀಮಸೇನರ ಭೋರ್ಗರೆಯುವ ತಾನುಗಳಲ್ಲಿ ಕೇಳಿಬರುವ ಕಿರಾಣಾ, ಖಾನರ ಕಿರಾಣೆಗಿಂತ ಭಿನ್ನವಾದದ್ದು. ಆ ಭಿನ್ನತೆಯ ಮೂಲವನ್ನು ಶಿಷ್ಯರ ಪ್ರತಿಭೆಯಲ್ಲಿ ಮಾತ್ರ ಹುಡುಕುವುದು ಸಾಲದು. ರಂಗಭೂಮಿ ಶಿಷ್ಯನನ್ನು ಕೆಡಿಸುತ್ತದೆಂಬ ಉಸ್ತಾದರ ಆತಂಕ ಈ ಒಂದು ಪ್ರಕರಣದಲ್ಲಿ ನಿಜವಾಗಲಿಲ್ಲ.

ಇಷ್ಟಾಗಿಯೂ ರಂಗಭೂಮಿಯ ಚರಿತ್ರೆಗಳಲ್ಲಿ ಅವರ ಸ್ಥಾನ ಅಸ್ಥಿರವಾಗಿದೆ. ಮರಾಠಿ ಚರಿತ್ರೆಗೆ ಅವರು ಬಾಲಗಂಧರ್ವ ಯುಗದ ಸಹನಟರಲ್ಲೊಬ್ಬರು. ಕನ್ನಡ ರಂಗಚರಿತ್ರೆಗೆ, ಕನ್ನಡ ನಾಟಕವಾಡದ ಕಾರಣ, ಹೊರಗಿನವರು. ಗದಗಿನ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಾಲ್ಯ ಕಳೆದ ಮಲ್ಲಿಕಾರ್ಜುನ ಮನಸೂರ, ಕುಂದಗೋಳ ತಾಲೂಕಿನ ಯಲಿವಾಳದವರೇ ಆದ ಬಸವರಾಜ ರಾಜಗುರು ಇಂಥವರಿಗೆ ಈ ತೊಡಕು ಎದುರಾಗಲಿಲ್ಲ. ಒಂದೇ ಸೀಮೆಯ ನಟ-ಗಾಯಕರನ್ನು ಅವರು ಹಾಡಿದ ನಾಟಕದ ಭಾಷೆಯಿಂದ ಎರಡು ಚರಿತ್ರೆಗಳಿಗೆ ಹಂಚುವ ಪದ್ಧತಿ ಎಷ್ಟು ಸಮರ್ಪಕ ಎಂಬುದು ಚರ್ಚಿಸಬೇಕಾದ ಪ್ರಶ್ನೆ.

1931ರಲ್ಲಿ ಆಲಂ ಆರಾ, 1932ರಲ್ಲಿ ಮರಾಠಿಯ ಅಯೋಧ್ಯೇಚಾ ರಾಜಾ, 1934ರಲ್ಲಿ ಕನ್ನಡದ ಸತಿ ಸುಲೋಚನ ತೆರೆ ಕಂಡವು. ವಾಕ್ಚಿತ್ರದಲ್ಲಿ ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸಿದರು. ಸೀರೆಯುಟ್ಟ ಗಂಡಸಿನ ಹಾಡಿಗೆ ರಾತ್ರಿಯೆಲ್ಲ ಕಾಯುತ್ತಿದ್ದ ಪ್ರೇಕ್ಷಕ ಎರಡೂವರೆ ತಾಸಿನ ಚಿತ್ರಕ್ಕೆ ಹೊರಳಿದ. ಕಂಪನಿಗಳು ಒಂದೊಂದಾಗಿ ಸಾಲದಲ್ಲಿ ಮುಳುಗಿದವು. ನಡುವಯಸ್ಸು ದಾಟುತ್ತಿದ್ದ ಸವಾಯಿ ಗಂಧರ್ವರು ಚಿತ್ರರಂಗದತ್ತ ಹೋಗಲಿಲ್ಲ. ಬೈಠಕ್ಕು ಮತ್ತು ಪಾಠಗಳತ್ತ ತಿರುಗಿದರು. ಅವರ ಕೆಲವು ಗ್ರಾಮಫೋನ್ ಮುದ್ರಿಕೆಗಳು ಉಳಿದಿವೆ. ಬಗಲಿಗೆ ಮೂರು ಚಿಲ್ಲರೆ ನಿಮಿಷದ ಆ ತಟ್ಟೆ, ಸ್ವರ ಕೂಡಿಸಿಕೊಳ್ಳಲೇ ಬಹಳ ಹೊತ್ತು ಬೇಕಾಗಿದ್ದ ಗಾಯಕನಿಗೆ ಎಷ್ಟು ಪ್ರತಿಕೂಲವಾದ ಮಾಧ್ಯಮವೆಂಬುದನ್ನು ಹೇಳಬೇಕಾಗಿಲ್ಲ. ಅವುಗಳಿಂದಲೇ ಅವರ ಗಾಯನದ ಬೆಲೆ ಕಟ್ಟುವುದು ನ್ಯಾಯವಾಗದು.

ತಾವು ಹೋಗದ ಚಿತ್ರರಂಗದಿಂದ ಶಿಷ್ಯನೊಬ್ಬ ಅವರ ಬಳಿಗೆ ಬಂದದ್ದು ಕುತೂಹಲಕರ. 1933ರ ಲಾಲ್-ಎ-ಯಮನ್ ಚಿತ್ರದಲ್ಲಿ ಬಾಲನಟನಾಗಿ ಹಾಡಿ ಹೆಸರಾಗಿದ್ದ ಪಾರ್ಸಿ ಹುಡುಗ ಫಿರೋಜ್ ದಸ್ತೂರ್ (1919–2008) ಮುಂಬಯಿಯಲ್ಲಿ ಅವರಿಂದ ಕಲಿತು, ಕ್ರಮೇಣ ಚಿತ್ರರಂಗ ಬಿಟ್ಟು ಪೂರ್ಣಾವಧಿ ಖಯಾಲ್ ಗಾಯಕರಾದರು.

1930ರ ದಶಕದ ಉತ್ತರಾರ್ಧದಲ್ಲಿ ಸವಾಯಿ ಗಂಧರ್ವರು ಕುಂದಗೋಳದಲ್ಲಿ ನೆಲೆ ನಿಂತರು. ಈ ನಾಲ್ಕೈದು ವರ್ಷಗಳು ಕನ್ನಡ ನಾಡಿನ ಸಂಗೀತ ಚರಿತ್ರೆಯಲ್ಲಿ ಅಸಾಧಾರಣ ಮಹತ್ವದವು. ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರನ್ನು ಕೇಳಿ, 1933ರಲ್ಲಿ ಗದಗಿನ ಮನೆ ತೊರೆದು ಉತ್ತರ ಭಾರತವೆಲ್ಲ ಗುರುವನ್ನರಸಿ ಅಲೆದು ಬಂದಿದ್ದ ಭೀಮಸೇನ ಜೋಶಿ (1922–2011) 1936ರಲ್ಲಿ ಇಲ್ಲಿಗೆ ಬಂದು ಸೇರಿದರು. ಗುರುವಿನ ಮನೆಗೆ ನೀರು ಹೊರುವುದರಿಂದ ಅವರ ದಿನ ಆರಂಭವಾಗುತ್ತಿತ್ತು. ಪಾಠ ಆರಂಭವಾದ ಮೇಲೂ ವರ್ಷಗಟ್ಟಲೆ ನಡೆದದ್ದು ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರು ರಾಗಗಳಲ್ಲಿ ಮುಖ್ಯವಾಗಿ. ಒಂದೇ ಸ್ವರಗುಚ್ಛವನ್ನು ಅದು ಕಂಠದಲ್ಲಿ ಕೂರುವವರೆಗೆ ಹೇಳಿಸುವುದು ಅವರ ಕ್ರಮ. ತಮ್ಮ ಕಂಠದೊಡನೆ ತಾವೇ ಹೋರಾಡಿ ಕಂಡುಕೊಂಡ ದಾರಿಯನ್ನೇ ಅವರು ಶಿಷ್ಯರಿಗೂ ತೋರಿಸಿದರು.

ಗಂಗೂಬಾಯಿ ಹಾನಗಲ್ (1913–2009) ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತು ಹಿಂದಿರುಗುತ್ತಿದ್ದರು. ಆ ವೇಳೆಗಾಗಲೇ ಅವರ ಗ್ರಾಮಫೋನ್ ಮುದ್ರಿಕೆಗಳು ಗಾಂಧಾರಿ ಹುಬ್ಬಳ್ಳಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. ಹೆಸರಿದ್ದರೂ ಮತ್ತೆ ಮೊದಲಿನಿಂದ ಕಲಿಯಲು ಅವರು ಸಿದ್ಧರಾದರು. ಹಾಡಲು ಕಲಿಯುವ ಹೆಣ್ಣನ್ನು ಬೀದಿ ಹಂಗಿಸುತ್ತಿದ್ದ ಕಾಲವದು, ಕುಲದ ಕಾರಣದಿಂದ ಮತ್ತಷ್ಟು. ಮುಸ್ಲಿಂ ಗುರುವಿನಿಂದ ಬ್ರಾಹ್ಮಣ ಶಿಷ್ಯನಿಗೆ, ಅವನಿಂದ ದೇವದಾಸಿ ಹಿನ್ನೆಲೆಯ ಹೆಣ್ಣುಮಗಳಿಗೆ, ಪಾರ್ಸಿ ಹುಡುಗನಿಗೆ ಸಾಗಿದ ಈ ವಿದ್ಯೆಯ ಹಾದಿ ಕುಂದಗೋಳದಂಥ ಸಂಸ್ಥಾನೀ ಊರೊಂದರಲ್ಲಿ ಹಾದುಹೋಯಿತೆಂಬುದು ಗಮನಾರ್ಹ. ಅದನ್ನು ಜಾತ್ಯತೀತ ಆದರ್ಶವೆಂದು ಕೊಂಡಾಡುವುದು ಅವಸರವಾದೀತು. ಗುರುಮನೆಯ ಒಳಗೆ ವಿದ್ಯೆಯ ಕ್ರಮ, ಹೊರಗೆ ಊರಿನ ಕ್ರಮ ಬೇರೆಬೇರೆಯಾಗಿಯೇ ನಡೆದವು.

1940ರ ದಶಕದ ಮೊದಲ ವರ್ಷಗಳಲ್ಲಿ ಅವರಿಗೆ ಪಾರ್ಶ್ವವಾಯು ತಗುಲಿತು. ಹಾಡಿಕೆ ನಿಂತಿತು. 1946ರ ಜನವರಿಯಲ್ಲಿ ಪುಣೆಯಲ್ಲಿ ಅವರ ಅರವತ್ತು ತುಂಬಿದ ಸಮಾರಂಭ ಏರ್ಪಟ್ಟಾಗ, ಹಾಡಲಾರದ ಗುರುವಿನೆದುರು ಭೀಮಸೇನರು ಹಾಡಿದರು. ಅವರ ಖ್ಯಾತಿಯ ಆರಂಭವನ್ನು ಆ ಕಛೇರಿಯಿಂದ ಗುರುತಿಸುವುದು ವಾಡಿಕೆ. ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ನಿಧನರಾದರು.

ಆಕಾಶವಾಣಿಯ ಧಾರವಾಡ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ರಾಷ್ಟ್ರೀಯ ಸಂಗೀತ ಕಾರ್ಯಕ್ರಮದ ಪ್ರಸಾರ ಆರಂಭವಾದದ್ದು ಅವರು ತೀರಿಕೊಂಡ 1952ರಲ್ಲೇ. ಅವರ ಹುಟ್ಟೂರಿಗೆ ಬಾನುಲಿ ಹತ್ತಿರವಾದಾಗ ಅವರ ಕಂಠ ಮೌನವಾಗಿತ್ತು. ಆ ಮಾಧ್ಯಮದ ಸುವರ್ಣಯುಗವೆಲ್ಲ ಶಿಷ್ಯರ ಪಾಲಾಯಿತು. ನಾಟಕ ಕಂಪನಿಗಳ ಉಸಿರಾಗಿದ್ದ ಹಾರ್ಮೋನಿಯಂ 1940ರಿಂದ ಮೂರು ದಶಕ ಆಕಾಶವಾಣಿಯಲ್ಲಿ ನಿಷಿದ್ಧವಾಗಿತ್ತು. ರಂಗದಲ್ಲಿ ಪಳಗಿದ ಗಾಯನ ಮಾತ್ರ ಅಲ್ಲಿ ಮನ್ನಣೆ ಪಡೆಯಿತು. ಅ.ನ. ಕೃಷ್ಣರಾಯರ ಸಂಧ್ಯಾರಾಗ ಕಾದಂಬರಿ 1966ರಲ್ಲಿ ಚಲನಚಿತ್ರವಾದಾಗ ಭೀಮಸೇನರು ಅದಕ್ಕೆ ಹಾಡಿದರು. 1988ರಲ್ಲಿ ದೂರದರ್ಶನ ಪ್ರಸಾರ ಮಾಡಿದ, ಹಲವು ಭಾಷೆಗಳ ಭಾವೈಕ್ಯ ಗೀತೆ ತೆರೆದುಕೊಂಡದ್ದೂ ಅದೇ ಕಂಠದಿಂದ.

1953ರಿಂದ ಪುಣೆಯಲ್ಲಿ ಆರ್ಯ ಸಂಗೀತ ಪ್ರಸಾರಕ ಮಂಡಳವು ಭೀಮಸೇನರ ಮುಂದಾಳತ್ವದಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವವನ್ನು ನಡೆಸಿಕೊಂಡು ಬಂತು. ಶಿಷ್ಯನ ನಿಧನಾನಂತರ, 2011ರಲ್ಲಿ ಅದು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವವಾಯಿತು. ಕುಂದಗೋಳದ ಉತ್ಸವ ಅಷ್ಟು ದೊಡ್ಡದಲ್ಲ. ಅದು ದಶಕಗಳಿಂದ ನಾಡಿಗೇರರ ವಾಡೆಯಲ್ಲಿಯೇ ನಡೆದುಬಂದಿದೆ. ಗಂಗೂಬಾಯಿ, ಭೀಮಸೇನ, ದಸ್ತೂರ್ ಮೂವರೂ ಅಲ್ಲಿಗೆ ಬಂದು ಹಾಡಿದ್ದಾರೆ.